ಕೂದಲು, ಬಟ್ಟೆ ನೋಡಿ ಕಳ್ಳನನ್ನು ಹಿಡಿಯಬಹುದೇ?

ಮಕ್ಕಳೇ, ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡ್ತೇನೆ. ಎರಡು ವರ್ಷದ ಹಿಂದೆ ಲ್ಯಾಬಿನಲ್ಲಿ ಒಂದು ಬೀಕರ್ ಒಡೆದಿತ್ತು. "ಯಾರು?" ಅಂತ ಕೇಳುವಾಗಲೇ ನನ್ನ ಕಣ್ಣು ಕೊನೆ ಬೆಂಚಿಗೆ ಹೋಯಿತು. ಅಲ್ಲಿದ್ದ ಹುಡುಗ ಕಿವಿಯ ಮೇಲೆಲ್ಲ ಬೋಳಿಸಿ, ನೆತ್ತಿಯ ಕೂದಲಿಗೆ ಕೆಂಚು ಬಣ್ಣ ಹಚ್ಚಿದ್ದ. ನಿಜವಾಗಿ ಒಡೆದವನು ಎಣ್ಣೆ ಹಚ್ಚಿ ನೀಟಾಗಿ ತಲೆ ಬಾಚಿದ ಮೊದಲ ಬೆಂಚಿನವನು. ಮರುದಿನ ಅವನೇ ಬಂದು ಹೇಳಿದ. ಕೊನೆ ಬೆಂಚಿನವನಲ್ಲಿ ನಾನು ತಪ್ಪಾಯಿತು ಅಂದಾಗ ಅವನು ಹೇಳಿದ್ದು ಇಷ್ಟೇ: "ನೀವು ನನ್ನನ್ನೇ ನೋಡ್ತೀರಿ ಅಂತ ಗೊತ್ತಿತ್ತು ಸರ್."

ವೇಷ ನೋಡಿದರೆ ಮನುಷ್ಯ ಎಂಥವನೆಂದು ಗೊತ್ತಾಗುತ್ತದೆ ಎಂಬುದು ಒಂದು ಊಹೆ. ವಿಜ್ಞಾನದಲ್ಲಿ ಊಹೆ ಇದ್ದರೆ ಸಾಲದು, ಎಣಿಸಿ ನೋಡಬೇಕು. ಹಾಗೆ ಎಣಿಸಲಿಕ್ಕೆ ಲೆಕ್ಕ ಸಿಕ್ಕಿದ ಊರು ಅಮೆರಿಕದ ನ್ಯೂಯಾರ್ಕ್.

ಅಲ್ಲಿ ಸಂಶಯ ಬಂದವರನ್ನು ಪೊಲೀಸರು ದಾರಿಯಲ್ಲಿ ನಿಲ್ಲಿಸಿ, ಪ್ರತಿ ಸಲವೂ ಒಂದು ಫಾರಂ ತುಂಬುತ್ತಿದ್ದರು. ಸಂಶಯಕ್ಕೆ ಕಾರಣ ಏನೆಂದು ಟಿಕ್ ಹಾಕುವ ಚೌಕಗಳು ಅದರಲ್ಲಿದ್ದವು. ಒಂದು ಚೌಕ, ಅಪರಾಧ ಮಾಡುವವರು ಸಾಮಾನ್ಯವಾಗಿ ತೊಡುವ ಬಟ್ಟೆ ಅಥವಾ ವೇಷ! ಯಾವ ಬಟ್ಟೆಯಪ್ಪ ಅದು? ತಲೆ ಮುಚ್ಚುವ ಹೂಡಿಯನ್ನು ಚಳಿಗೆ ಅಲ್ಲಿ ವಿದ್ಯಾರ್ಥಿಯೂ ಹಾಕ್ತಾನೆ, ಕಂಪೆನಿ ಯಜಮಾನನೂ ಹಾಕ್ತಾನೆ.

2004ರ ಜನವರಿಯಿಂದ 2012ರ ಜೂನ್‌ವರೆಗೆ ಇಂಥ ತಡೆಗಳು 44 ಲಕ್ಷಕ್ಕೂ ಹೆಚ್ಚು. ನಿಲ್ಲಿಸಲ್ಪಟ್ಟವರಲ್ಲಿ ಕಪ್ಪುವರ್ಣೀಯರು ಶೇ. 52, ಊರಿನ ಜನಸಂಖ್ಯೆಯಲ್ಲಿ ಅವರು ಸುಮಾರು ಶೇ. 23 ಮಾತ್ರ. ಬಿಳಿಯರು ಜನಸಂಖ್ಯೆಯಲ್ಲಿ ಶೇ. 33, ತಡೆಗಳಲ್ಲಿ ಶೇ. 10. ಒಟ್ಟು ತಡೆಗಳಲ್ಲಿ ಶೇ. 88ರಲ್ಲಿ ಬಂಧನವೂ ಇಲ್ಲ, ಸಮನ್ಸೂ ಇಲ್ಲ. ಸುಮಾರು 23 ಲಕ್ಷ ಸಲ ಮೈ ತಡವಿ ನೋಡಿದರು, ಆಯುಧ ಸಿಕ್ಕಿದ್ದು ಶೇ. 1.5ರಲ್ಲಿ. (ಎಷ್ಟಾಯಿತು? ನೀವೇ ಲೆಕ್ಕ ಹಾಕಿ.)

ಇನ್ನೊಂದು ಅಂಕಿ ನೋಡಿ, ನನಗೆ ಮುಖ್ಯ ಅನಿಸಿದ್ದು ಇದು. ಸಾವಿರ ಕಪ್ಪುವರ್ಣೀಯರನ್ನು ನಿಲ್ಲಿಸಿದಾಗ 10 ಸಲ ಆಯುಧ ಸಿಕ್ಕಿದರೆ, ಸಾವಿರ ಬಿಳಿಯರನ್ನು ನಿಲ್ಲಿಸಿದಾಗ 14 ಸಲ ಸಿಕ್ಕಿತು. ಅಂದರೆ ಕಪ್ಪು ಚರ್ಮದವರನ್ನು ನಿಲ್ಲಿಸಲಿಕ್ಕೆ ಅಷ್ಟು ಗಟ್ಟಿ ಕಾರಣವೂ ಬೇಕಾಗುತ್ತಿರಲಿಲ್ಲ. 2013ರಲ್ಲಿ ನ್ಯಾಯಾಧೀಶೆ ಶೀರಾ ಶೆಂಡ್ಲಿನ್ ಇದು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟರು.

ಅದಕ್ಕೂ ಮೊದಲು, 2012ರ ಫೆಬ್ರವರಿಯಲ್ಲಿ, ಫ್ಲಾರಿಡಾದ ಸ್ಯಾನ್‌ಫರ್ಡ್‌ನಲ್ಲಿ 17 ವರ್ಷದ ಕಪ್ಪು ಹುಡುಗ ಟ್ರೇವಾನ್ ಮಾರ್ಟಿನ್ ಹೂಡಿ ಹಾಕಿಕೊಂಡು ಅಂಗಡಿಯಿಂದ ಬರುತ್ತಿದ್ದ. ಬಡಾವಣೆ ಕಾಯುವ ಒಬ್ಬ ಸ್ವಯಂಸೇವಕನಿಗೆ ಸಂಶಯ ಬಂತು. ಹಿಂಬಾಲಿಸಿದ, ಜಟಾಪಟಿಯಾಯಿತು, ಗುಂಡು ಹಾರಿತು, ಹುಡುಗ ಸತ್ತ. ಅವನ ಹತ್ತಿರ ಇದ್ದದ್ದು ಒಂದು ಪ್ಯಾಕೆಟ್ ಮಿಠಾಯಿ ಮತ್ತು ತಂಪು ಪಾನೀಯ. ಗುಂಡು ಹಾರಿಸಿದವನು ಆತ್ಮರಕ್ಷಣೆ ಎಂದ, 2013ರಲ್ಲಿ ಬಿಡುಗಡೆಯಾದ.

ಬಟ್ಟೆ ಬದಲಾಯಿಸಬಹುದು. ಆದರೆ ಕೂದಲು? ಚರ್ಮದಲ್ಲಿ ಕೂದಲು ಹುಟ್ಟುವ ಕುಳಿ ಬಾಗಿದ್ದರೆ ಕೂದಲು ಸುರುಳಿಯಾಗಿ ಬರುತ್ತದೆ. ಅಡ್ಡ ಕೊಯ್ದರೆ ಅದು ಚಪ್ಪಟೆ ಅಂಡಾಕಾರ. ನೆತ್ತಿಯ ಎಣ್ಣೆ ಸುರುಳಿಯುದ್ದಕ್ಕೂ ಹರಡುವುದಿಲ್ಲ. ಕೂದಲು ಒಣಗಿ ಬಾಚಿದರೆ ತುಂಡಾಗುತ್ತದೆ. ಆಫ್ರಿಕಾ ಮೂಲದವರು ಸಣ್ಣ ಸಣ್ಣ ಜಡೆ ಹೆಣೆಯುವುದು, ಜಟೆ ಬಿಡುವುದು ಬರೀ ಸ್ಟೈಲಿಗಲ್ಲ, ಕೂದಲು ಉಳಿಸಲಿಕ್ಕೂ ಹೌದು. ನಮ್ಮ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಗಳ ಕೂದಲೂ ಇಂಥದ್ದೇ. ತಲೆಮಾರುಗಳಿಂದ ಇಲ್ಲೇ ಇದ್ದು ಕನ್ನಡ, ಕೊಂಕಣಿ ಮಾತಾಡುವ ಅವರನ್ನು "ಯಾವ ದೇಶ?" ಅಂತ ಕೇಳುವವರು ಈಗಲೂ ಇದ್ದಾರೆ.

2010ರಲ್ಲಿ ಅಲಬಾಮಾದಲ್ಲಿ ಒಬ್ಬ ಕಪ್ಪು ಮಹಿಳೆಗೆ ಸಿಕ್ಕಿದ್ದ ಕೆಲಸ ಜಟೆ ಕತ್ತರಿಸಲು ಒಪ್ಪದ ಕಾರಣ ತಪ್ಪಿತು. ಸುರುಳಿ ಹುಟ್ಟಿನಿಂದ ಬಂದದ್ದು, ಆದರೆ ಜಟೆ ಬದಲಾಯಿಸಬಹುದಾದ ಶೈಲಿ ಎಂದು 2016ರಲ್ಲಿ ಮೇಲಿನ ಕೋರ್ಟೂ ಕಂಪೆನಿಯ ಪರವಾಗಿ ಹೇಳಿತು.

ಬದಲಾಯಿಸುವುದು ಹೇಗೆ ಗೊತ್ತೇ? ಕೂದಲಿನ ಕೆರಟಿನ್ ಪ್ರೋಟೀನನ್ನು ಗಂಧಕದ ಬಂಧಗಳು ಬಿಗಿಯಾಗಿ ಹಿಡಿದಿರುತ್ತವೆ. ನೇರ ಮಾಡುವ ಕೆಲವು ಕ್ರೀಮುಗಳಲ್ಲಿ ಆ ಬಂಧ ಒಡೆಯಲು ಹಾಕುವುದು ನಮ್ಮ ಲ್ಯಾಬಿನ ಸೋಡಿಯಂ ಹೈಡ್ರಾಕ್ಸೈಡನ್ನೇ! ಪಿಎಚ್ 12ಕ್ಕಿಂತ ಮೇಲೆ. ಹೆಚ್ಚು ಹೊತ್ತು ಬಿಟ್ಟರೆ ನೆತ್ತಿ ಸುಡುತ್ತದೆ. ಹೊಸ ಕೂದಲು ಪುನಃ ಸುರುಳಿಯಾಗಿಯೇ ಬರುವುದರಿಂದ ಪುನಃ ಹಚ್ಚಬೇಕು. ಕೆಲಸ ಬೇಕಾದರೆ ತಲೆಗೆ ಕಾಸ್ಟಿಕ್ ಸೋಡಾ! 2019ರಲ್ಲಿ ಕ್ಯಾಲಿಫೋರ್ನಿಯಾ ಮೊದಲು ಕಾನೂನು ಮಾಡಿತು. ಶಾಲೆಯಲ್ಲಾಗಲಿ ಕೆಲಸದಲ್ಲಾಗಲಿ ಸುರುಳಿ ಕೂದಲು, ಜಡೆ, ಜಟೆ ಇದೆ ಎಂದು ಭೇದ ಮಾಡುವಂತಿಲ್ಲ.

ಮಾಡಿ ನೋಡಿ: ಒಂದೇ ಮುಖದ ಎರಡು ಚಿತ್ರ ಬರೆಯಿರಿ. ಕೂದಲು ಮಾತ್ರ ಬೇರೆ ಇರಲಿ, ಉಳಿದದ್ದೆಲ್ಲ ಒಂದೇ. ಅರ್ಧ ತರಗತಿಗೆ ಒಂದು, ಇನ್ನರ್ಧಕ್ಕೆ ಮತ್ತೊಂದು ಕೊಡಿ. ಎರಡು ಚಿತ್ರ ಇದೆ ಎಂದು ಹೇಳಬೇಡಿ. "ಬಸ್ಸಿನಲ್ಲಿ ಪರ್ಸ್ ಕಳೆದಿದೆ. ಇವನ ಬ್ಯಾಗ್ ನೋಡಬೇಕೇ?" ಎಂದು ಕೇಳಿ, ಉತ್ತರ ಚೀಟಿಯಲ್ಲಿ ಬರೆಸಿ ಎಣಿಸಿ. ಗೆಳೆಯರ ಫೋಟೋ ಬಳಸಬೇಡಿ. ಚೀಟಿಯಲ್ಲಿ ಹೆಸರೂ ಬೇಡ. ನಿಮ್ಮ ಮಾಷ್ಟ್ರಿಗೂ ಒಂದು ಚೀಟಿ ಕೊಡಿ.