ಪೈಥಾನ್ ಸ್ಕ್ರಿಪ್ಟ್‌ಗೆ ಒಂದು ಡಬಲ್ ಕ್ಲಿಕ್ ಸಾಕು

ಬೋಡಿನಾಯಕನೂರಿನ ಓದುಗರೇ,

ಸ್ಪೈಸಸ್ ಬೋರ್ಡ್ ಇ-ಹರಾಜಿನ ಏಲಕ್ಕಿ ದರ ಲೆಕ್ಕ ಹಾಕಲು ನೀವೇ ಸ್ಕ್ರಿಪ್ಟ್ ಬರೆದುಕೊಂಡಿರುವುದು ನಿಜಕ್ಕೂ ಸಂತೋಷದ ವಿಷಯ. ಡಬಲ್ ಕ್ಲಿಕ್ ಮಾಡಿದರೆ ಕಪ್ಪು ಕಿಟಕಿ ಮಿಂಚಿ ಮಾಯವಾಗುತ್ತದೆ ಎಂದಿದ್ದೀರಿ. ಸ್ಕ್ರಿಪ್ಟ್ ಕೆಟ್ಟಿದೆ ಎಂದೇ ಅರ್ಥವಲ್ಲ; ಅದರ ಓಟ ನಿಂತ ಕೂಡಲೇ ವಿಂಡೋಸ್ ಆ ಕಿಟಕಿ ಮುಚ್ಚುತ್ತದೆ, ಅಷ್ಟೇ.

ನೋಟ್‌ಪ್ಯಾಡ್‌ನಲ್ಲಿ ಎರಡು ಸಾಲಿನ ಬ್ಯಾಚ್ ಫೈಲ್ ಮಾಡಿ. ಮೊದಲ ಸಾಲಿನಲ್ಲಿ ಪಿ, ವೈ ಎಂಬೆರಡು ಅಕ್ಷರ, ಪಕ್ಕದಲ್ಲಿ ಸ್ಕ್ರಿಪ್ಟ್‌ನ ಹೆಸರು. ಎರಡನೆಯದರಲ್ಲಿ ‘ಪಾಝ್’ ಆದೇಶ. ಈಗ ನೀವು ಕೀಲಿ ಒತ್ತುವವರೆಗೂ ಉತ್ತರ ಪರದೆಯ ಮೇಲೇ ಇರುತ್ತದೆ. ಫೈಲನ್ನು ಸ್ಕ್ರಿಪ್ಟ್ ಇರುವ ಫೋಲ್ಡರ್‌ನಲ್ಲೇ ಇಟ್ಟು, ಡೆಸ್ಕ್‌ಟಾಪ್‌ಗೆ ಶಾರ್ಟ್‌ಕಟ್ ಹಾಕಿಕೊಳ್ಳಿ.

ಸಂಜೆ ತಾನಾಗಿಯೇ ಓಡಬೇಕೆಂದರೆ ಟಾಸ್ಕ್ ಶೆಡ್ಯೂಲರ್ ಇದೆ. ಅಲ್ಲಿ ‘ಸ್ಟಾರ್ಟ್ ಇನ್’ ಜಾಗದಲ್ಲಿ ಫೋಲ್ಡರ್ ವಿಳಾಸ ತುಂಬಿ. ಖಾಲಿ ಬಿಟ್ಟರೆ ಸ್ಕ್ರಿಪ್ಟ್ ಓದಬೇಕಾದ ದರಪಟ್ಟಿಯ ಫೈಲ್ ಸಿಗಲಿಲ್ಲ ಎಂಬ ದೋಷ ಬರುವುದು ಸಾಮಾನ್ಯ.

ಬೆಳೆಗಾರರ ಹೆಸರು ಕನ್ನಡ, ತಮಿಳಿನಲ್ಲಿದ್ದರೆ ಫೈಲ್ ತೆರೆಯುವ ಸಾಲಿನಲ್ಲಿ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆಯಿರಿ, ಅಕ್ಷರ ಕಲಸಿಹೋಗದು. ಇಎಕ್ಸ್‌ಇ ಮಾಡುವ ಗೋಜು ಬೇಡ: ಪ್ರತಿ ತಿದ್ದುಪಡಿಗೂ ಮತ್ತೆ ಕಟ್ಟಬೇಕು, ಆಂಟಿವೈರಸ್ ಕೂಡ ಕೆಲವೊಮ್ಮೆ ತಡೆಯುತ್ತದೆ.

ಇದೆಲ್ಲ ಶುರುಮಾಡುವ ಮುನ್ನ ಸ್ಕ್ರಿಪ್ಟ್‌ನ ಒಂದು ಪ್ರತಿಯನ್ನು ದಯವಿಟ್ಟು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ.