ನಮ್ಮ ದೇಹದ ರಕ್ತನಾಳಗಳು

ವಿದ್ಯಾರ್ಥಿಗಳೇ, ಎಡಗೈಯ ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕೆಳಗೆ, ಬಲಗೈಯ ಎರಡು ಬೆರಳುಗಳನ್ನಿಟ್ಟು ನೋಡಿರಿ. ನಾಡಿಯ ಮಿಡಿತವು ತಿಳಿಯುತ್ತದೆ. ಅದೇ ಅಂಗೈಯ ಹಿಂಬದಿಯಲ್ಲಿ ತೋರುವ ನೀಲಿ ನಾಳಗಳನ್ನು ಮುಟ್ಟಿರಿ, ಅಲ್ಲಿ ಮಿಡಿತವಿಲ್ಲ. ಎರಡರಲ್ಲಿಯೂ ಹರಿಯುವುದು ಕೆಂಪು ರಕ್ತವೇ. ಹಾಗಾದರೆ ಈ ಭೇದವೇಕೆ?

ಹೃದಯದಿಂದ ರಕ್ತವನ್ನು ಹೊರಗೊಯ್ಯುವ ನಾಳಗಳಿಗೆ ಅಪಧಮನಿಗಳೆಂದು ಹೆಸರು. ಹೃದಯವು ಕುಗ್ಗಿದಾಗಲೆಲ್ಲ ರಕ್ತವು ರಭಸದಿಂದ ಇವುಗಳೊಳಗೆ ನುಗ್ಗುತ್ತದೆ. ಆ ಒತ್ತಡವನ್ನು ತಾಳುವಂತೆ ಇವುಗಳ ಗೋಡೆಯು ದಪ್ಪನಾಗಿದ್ದು, ಹಿಗ್ಗಿ ಕುಗ್ಗಬಲ್ಲದು. ಮಿಡಿತವೆಂದರೆ ಈ ಹಿಗ್ಗುವಿಕೆಯೇ.

ರಕ್ತವನ್ನು ಹೃದಯಕ್ಕೆ ಮರಳಿ ತರುವವು ಅಭಿಧಮನಿಗಳು. ಇವುಗಳಲ್ಲಿ ಒತ್ತಡ ಕಡಿಮೆ; ಗೋಡೆಯೂ ತೆಳು. ಕಾಲಿನಿಂದ ಮೇಲೇರುವ ರಕ್ತವು ಹಿಂದಕ್ಕೆ ಇಳಿಯದಂತೆ ಒಳಗೆ ಕವಾಟಗಳಿವೆ. ನಾವು ನಡೆಯುವಾಗ ಕಾಲಿನ ಸ್ನಾಯುಗಳು ನಾಳವನ್ನೊತ್ತಿ ರಕ್ತವನ್ನು ಮೇಲಕ್ಕೆ ನೂಕುತ್ತವೆ. ಅಪಧಮನಿಯಲ್ಲಿ ಯಾವಾಗಲೂ ಶುದ್ಧ ರಕ್ತವೇ ಇರುವುದೆಂದು ಕಂಠಪಾಠ ಮಾಡಬೇಡಿರಿ. ಶ್ವಾಸಕೋಶಕ್ಕೆ ಹೋಗುವ ಅಪಧಮನಿಯ ರಕ್ತದಲ್ಲಿ ಆಮ್ಲಜನಕವು ಕಡಿಮೆ. ನಾಳದ ಹೆಸರು ರಕ್ತವು ಹರಿಯುವ ದಿಕ್ಕನ್ನು ಅನುಸರಿಸಿದೆ.

ರಕ್ತವು ದೇಹವನ್ನು ಸುತ್ತಿ ಬರುತ್ತದೆಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆಯವರು 1628ರಲ್ಲಿ ಪ್ರಕಟಿಸಿದರು. ಆದರೆ ಅಪಧಮನಿಯಿಂದ ಅಭಿಧಮನಿಗೆ ರಕ್ತವು ದಾಟುವ ದಾರಿಯನ್ನು ಕಣ್ಣಾರೆ ಕಾಣದೆಯೇ ಅವರು 1657ರಲ್ಲಿ ತೀರಿಕೊಂಡರು. 1661ರಲ್ಲಿ ಇಟಲಿಯ ಮಾಲ್ಪೀಗಿಯವರು ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಆ ದಾರಿಯನ್ನು ಕಂಡುಹಿಡಿದರು. ಅವೇ ಲೋಮನಾಳಗಳು. ಕೂದಲಿಗಿಂತಲೂ ಸಣ್ಣವಾದ ಇವುಗಳಲ್ಲಿ ಕೆಂಪು ರಕ್ತಕಣಗಳು ಒಂದರ ಹಿಂದೊಂದಾಗಿ ಸಾಗುತ್ತವೆ. ದೇಹದ ಜೀವಕೋಶಗಳಿಗೆ ಆಮ್ಲಜನಕವೂ ಆಹಾರವೂ ದೊರೆಯುವುದು ಇಲ್ಲಿಯೇ.

ಈ ಪಾಠವು ಮನೆಯಲ್ಲಿಯೂ ಉಪಯೋಗಕ್ಕೆ ಬರುವಂಥದು. ಕತ್ತಿ ತಗಲಿದಾಗ ರಕ್ತವು ಬರಿದೆ ಜಿನುಗಿದರೆ ಲೋಮನಾಳಗಳು ಕಡಿದಿವೆ. ಕಡುಗೆಂಪಾಗಿ ಒಂದೇ ಸಮನೆ ಹರಿದರೆ ಅಭಿಧಮನಿ. ಹೊಳೆವ ಕೆಂಪಿನಿಂದ ಮಿಡಿಮಿಡಿದು ಚಿಮ್ಮಿದರೆ ಅಪಧಮನಿ. ಚಿಮ್ಮುವ ರಕ್ತವು ಕೆಲವೇ ನಿಮಿಷಗಳಲ್ಲಿ ಪ್ರಾಣಕ್ಕೆ ಎರವಾಗಬಹುದು.

ತಾಯಿತಂದೆಗಳಲ್ಲಿ ನಮ್ಮದೊಂದು ವಿನಂತಿ. ಅಂಥ ಹೊತ್ತಿನಲ್ಲಿ ಕಾಫಿಪುಡಿಯನ್ನೋ ಸುಣ್ಣವನ್ನೋ ಹುಡುಕುತ್ತ ಕಾಲ ಕಳೆಯಬೇಡಿರಿ. ಶುಭ್ರವಾದ ಬಟ್ಟೆಯನ್ನು ಮಡಿಸಿ ಗಾಯದ ಮೇಲಿಟ್ಟು ಬಲವಾಗಿ ಒತ್ತಿ ಹಿಡಿಯಿರಿ. ಒತ್ತಿದಲ್ಲಿ ನಾಳವು ಮುಚ್ಚಿ, ರಕ್ತವು ಹೆಪ್ಪುಗಟ್ಟಲು ಅವಕಾಶ ದೊರೆಯುತ್ತದೆ. ನಿಂತಿತೇ ಎಂದು ಮತ್ತೆ ಮತ್ತೆ ಬಟ್ಟೆಯೆತ್ತಿ ನೋಡಬೇಡಿರಿ. ಒತ್ತಿದ ಕೈಯನ್ನು ಸಡಿಲಿಸದೆಯೇ ಗಾಯಗೊಂಡವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ಇಷ್ಟನ್ನು ಬಲ್ಲ ಮಗುವೊಂದು ಮನೆಯಲ್ಲಿದ್ದರೆ ನಾವು ಕಲಿಸಿದ್ದು ಸಾರ್ಥಕ.