ಮಕ್ಕಳ ಓದು ಮತ್ತು ಅಕ್ಷರದೊಳಗಣ ಧ್ವನಿ

ಒಂದನೆಯ ತರಗತಿಯ ಮಗು ಪಾಠದ ಪುಟವನ್ನು ಗಳಗಳನೆ ಓದುವುದನ್ನು ಕೇಳಿ ಮನೆಯವರು ಸಂತೋಷಪಡುವುದು ಸಹಜ. ಆದರೆ ಅದೇ ಪುಟದ ನಡುವಣ ಒಂದು ಪದವನ್ನು ಬೇರೊಂದು ಕಾಗದದ ಮೇಲೆ ಬರೆದು ತೋರಿಸಿದರೆ ಆ ಮಗು ಕೆಲವೊಮ್ಮೆ ತಡವರಿಸಿ ನಿಂತುಬಿಡುವುದುಂಟು. ಹಾಗಾದರೆ ಅದು ಓದುತ್ತಿರಲಿಲ್ಲ. ಕಂಠಪಾಠವಾದ ಮಾತುಗಳನ್ನು ಒಪ್ಪಿಸುತ್ತಿತ್ತು. ಈ ಕೊರತೆ ಮೊದಲು ಕಣ್ಣಿಗೆ ಬೀಳದಿರಬಹುದು. ಮೂರು ನಾಲ್ಕನೆಯ ತರಗತಿಗಳಲ್ಲಿ ಲೆಕ್ಕದ ಪ್ರಶ್ನೆಯನ್ನೂ ಓದಿಯೇ ತಿಳಿಯಬೇಕಾದಾಗ, ಓದಲಾರದ ಮಗುವಿಗೆ ಎಲ್ಲ ವಿಷಯಗಳ ಬಾಗಿಲೂ ಮುಚ್ಚಿದಂತಾಗುವುದು. ಇದನ್ನು ತಪ್ಪಿಸಲು ಅಕ್ಷರಕ್ಕೂ ಧ್ವನಿಗೂ ಇರುವ ಸಂಬಂಧವನ್ನು ಮಗು ಮನಗಾಣಬೇಕು. ಆ ಸಂಬಂಧವೇನೆಂಬುದನ್ನು ಮೊದಲು ನಾವೇ ಪರೀಕ್ಷಿಸಿ ನೋಡೋಣ.

ಕೊರಳ ಮುಂಭಾಗದ ಮೇಲೆ ಬೆರಳುಗಳನ್ನಿಟ್ಟು ‘ಸ್’ ಎಂಬುದನ್ನು ಎಳೆದು ಉಚ್ಚರಿಸಿರಿ. ಬೆರಳಿಗೆ ಯಾವ ಕಂಪನವೂ ತಿಳಿಯದು. ಈಗ ‘ಮ್’ ಎಂಬುದನ್ನು ಎಳೆಯಿರಿ. ಧ್ವನಿತಂತುಗಳ ಕಂಪನವು ಸ್ಪಷ್ಟವಾಗಿ ತಿಳಿಯುವುದು. ಹಾಗೆಯೇ ಮೂಗನ್ನು ಒತ್ತಿ ಹಿಡಿದರೆ ‘ಮ್’ ಕೂಡಲೇ ನಿಂತುಹೋಗುವುದು. ತುಟಿಗಳು ಮುಚ್ಚಿರುವುದರಿಂದ ಗಾಳಿಗೆ ಮೂಗೊಂದೇ ದಾರಿಯಷ್ಟೆ. ಇನ್ನು ತೆಳುವಾದ ಕಾಗದದ ಪಟ್ಟಿಯನ್ನು ಬಾಯಿಯ ಮುಂದೆ ತೂಗಬಿಟ್ಟು ‘ಪಲ್ಯ’ ಎಂದೂ ‘ಫಲ’ ಎಂದೂ ಹೇಳಿರಿ. ತುಟಿಗಳನ್ನು ಕೂಡಿಸಿ ಮಹಾಪ್ರಾಣವನ್ನು ಸರಿಯಾಗಿ ಉಚ್ಚರಿಸಿದಲ್ಲಿ ಎರಡನೆಯ ಸಲ ಕಾಗದವು ಹೆಚ್ಚು ಅಲುಗುವುದು. ನಮ್ಮ ವರ್ಣಮಾಲೆಯ ಇಪ್ಪತ್ತೈದು ವರ್ಗೀಯ ವ್ಯಂಜನಗಳು ಇಂತಹ ಭೇದಗಳನ್ನೇ ಅನುಸರಿಸಿ ಕಂಠದಿಂದ ತುಟಿಯವರೆಗೆ ಕ್ರಮವಾಗಿ ಜೋಡಿಸಲ್ಪಟ್ಟಿವೆ.

‘ಮ್’, ‘ಸ್’ಗಳನ್ನು ಎಳೆಯಬಹುದು, ಆದರೆ ‘ಕ್’, ‘ತ್’, ‘ಪ್’ಗಳನ್ನು ಎಳೆಯಲು ಸಾಧ್ಯವೇ? ಇಲ್ಲ. ಗಾಳಿಯ ದಾರಿ ಕ್ಷಣಕಾಲ ಪೂರ್ತಿಯಾಗಿ ಮುಚ್ಚಿ, ಥಟ್ಟನೆ ತೆರೆಯುವುದರಿಂದ ಇವು ಹುಟ್ಟುವುವು. ಇವುಗಳ ಗುರುತು ಬಹುಮಟ್ಟಿಗೆ ಪಕ್ಕದ ಸ್ವರದಲ್ಲಿಯೇ ಅಡಗಿರುವುದು. ಅಮೆರಿಕದ ಹ್ಯಾಸ್ಕಿನ್ಸ್ ಪ್ರಯೋಗಾಲಯದ ಆಲ್ವಿನ್ ಲಿಬರ್ಮನ್ ಮತ್ತು ಸಂಗಡಿಗರು ಇದನ್ನು ಪ್ರಯೋಗಗಳಿಂದ ತೋರಿಸಿ, 1967ರಲ್ಲಿ ಪ್ರಸಿದ್ಧವಾದ ಲೇಖನವೊಂದರಲ್ಲಿ ವಿವರಿಸಿದರು. ‘ಡಿ’ ಎನ್ನುವಾಗ ಬಾಯಿಯ ಒಂದು ಅನುನಾದದ ಆವೃತ್ತಿಯು ಮೊದಲಲ್ಲಿ ಮೇಲೇರುವುದು. ‘ಡು’ ಎನ್ನುವಾಗ ಅದೇ ಅನುನಾದವು ಕೆಳಗಿಳಿಯುವುದು. ಆದರೂ ನಮ್ಮ ಕಿವಿಗೆ ಎರಡರಲ್ಲಿಯೂ ಕೇಳುವುದು ಒಂದೇ ವ್ಯಂಜನ! ಧ್ವನಿಯಿಂದ ಸ್ವರದ ಭಾಗವನ್ನು ಕತ್ತರಿಸುತ್ತ ಹೋದರೆ ಕಡೆಗೆ ಶುದ್ಧ ವ್ಯಂಜನವು ಉಳಿಯುವುದಿಲ್ಲ. ಹಕ್ಕಿಯ ಚಿಲಿಪಿಲಿಯಂತಹ ಸದ್ದೊಂದು ಕೇಳುವುದು.

ಹೀಗಿರುವಲ್ಲಿ, ಎಳೆಯ ಮಗುವಿಗೆ ಬಿಡಿಧ್ವನಿಗಳನ್ನು ಬೇರ್ಪಡಿಸುವುದು ಕಷ್ಟವೆಂಬುದರಲ್ಲಿ ಆಶ್ಚರ್ಯವೇನು? ಇಸಬೆಲ್ ಲಿಬರ್ಮನ್ ಮತ್ತು ಸಂಗಡಿಗರು ಅಮೆರಿಕದ ಮಕ್ಕಳಿಗೆ ಪದದ ಭಾಗಗಳನ್ನು ಮೇಜು ತಟ್ಟಿ ಎಣಿಸುವ ಆಟವನ್ನು ಕೊಟ್ಟು, ಫಲಿತಾಂಶವನ್ನು 1974ರಲ್ಲಿ ಪ್ರಕಟಿಸಿದರು. ನಾಲ್ಕು ವರ್ಷದವರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಕ್ಕಳು ಪದವನ್ನು ಉಚ್ಚಾರಣೆಯ ತುಂಡುಗಳಾಗಿ ಒಡೆಯಬಲ್ಲವರಾಗಿದ್ದರು. ಬಿಡಿಧ್ವನಿಗಳಾಗಿ ಒಡೆಯಬಲ್ಲ ಮಗು ಒಂದೂ ಇರಲಿಲ್ಲ. ಒಂದನೆಯ ತರಗತಿಯ ಕೊನೆಗೆ ಶೇಕಡ 70ರಷ್ಟು ಮಕ್ಕಳು ಬಿಡಿಧ್ವನಿಗಳನ್ನೂ ಎಣಿಸಿದರು. ಕನ್ನಡ ಓದಲು ಕಲಿಯುವ ಮಕ್ಕಳನ್ನು ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಬಿಡಿಧ್ವನಿಯ ಅರಿವು ನಿಧಾನವಾಗಿಯೇ ಮೂಡುವುದು ಕಂಡುಬಂದಿತು.

ನಮ್ಮ ಲಿಪಿಯು ಈ ವಿಷಯದಲ್ಲಿ ಮಗುವಿಗೆ ಅನುಕೂಲವಾಗಿದೆ. ‘ಕ’ ಎಂಬ ಅಕ್ಷರವು ‘ಕ್’ ಮತ್ತು ‘ಅ’ ಕೂಡಿದ ಪೂರ್ಣ ಉಚ್ಚಾರಣೆ. ಬಾಯಿಗೆ ಅದು ಸುಲಭ. ಕಷ್ಟವಿರುವುದು ಸಂಖ್ಯೆಯಲ್ಲಿ. 34 ವ್ಯಂಜನಗಳಿಗೆ ಕಾಗುಣಿತದ 15 ರೂಪಗಳಂತೆ 510 ಅಕ್ಷರಗಳಾಗುವುವು; ಒತ್ತಕ್ಷರಗಳು ಬೇರೆ. ಇಷ್ಟನ್ನೂ ಚಿತ್ರಗಳಂತೆ ನೆನಪಿಡುವುದು ದುಸ್ಸಾಧ್ಯ. ಆದರೆ ಅಕ್ಷರದೊಳಗೆ ಎರಡು ಧ್ವನಿಗಳಿವೆಯೆಂದೂ, ಒಂದೊಂದು ಚಿಹ್ನೆಗೂ ನಿಯತವಾದ ಸ್ವರವಿದೆಯೆಂದೂ ಅರಿತ ಮಗುವಿಗೆ 34 ವ್ಯಂಜನಗಳೂ ಕೆಲವೇ ಚಿಹ್ನೆಗಳೂ ಸಾಕು.

ಈ ಅರಿವನ್ನು ಉಂಟುಮಾಡುವುದು ಹೇಗೆ? ‘ಕ ಇಳಿ ಕಾ, ಕ ಗುಡಿಸು ಕಿ’ ಎಂದು ಕಾಗುಣಿತವನ್ನು ಅಡ್ಡಸಾಲಿನಲ್ಲಿ ಹೇಳಿಸುವುದು ರೂಢಿ. ಇದು ಒಳ್ಳೆಯದೇ, ಆದರೆ ಇದಿಷ್ಟೇ ಆದರೆ ಅದೊಂದು ಹಾಡಾಗಿ ಉಳಿಯುವುದು. ಮಗ್ಗಿಯ ಕೋಷ್ಟಕದಂತೆ ಇದನ್ನು ಮೇಲಿನಿಂದ ಕೆಳಕ್ಕೂ ಓದಿಸಬೇಕು. ಎಳೆದು ಹೇಳಬಹುದಾದ ಸ, ನ, ಲ ಅಕ್ಷರಗಳಿಂದ ಮೊದಲು ಮಾಡಿ ‘ಸಿ, ನಿ, ಲಿ’ ಎಂದು ಬರೆದು, ಮೂರರಲ್ಲಿಯೂ ಸಮಾನವಾಗಿ ಕೇಳುವುದೇನು, ಸಮಾನವಾಗಿ ಕಾಣುವುದೇನು ಎಂದು ಕೇಳಿರಿ. ಉತ್ತರವನ್ನು ಮಗುವೇ ಕಂಡುಕೊಳ್ಳಲಿ. ಬಳಿಕ ‘ಸು, ನು, ಲು’. ಅನಂತರ ಇವುಗಳಿಂದ ‘ನಲಿ’, ‘ಸಾಲು’, ‘ನಾನು’ ಮೊದಲಾದ ಪದಗಳನ್ನು ಕಟ್ಟಿಸಬಹುದು. ‘ಮೊ’, ‘ಯೊ’ಗಳಲ್ಲಿ ಚಿಹ್ನೆಯ ರೂಪ ತುಸು ಭಿನ್ನವಾದುದರಿಂದ ಅವು ಆಮೇಲೆ ಬರಲಿ. ಕಡೆಗೆ ‘ಲಿಸುನಾ’ ಎಂಬಂತಹ ಅರ್ಥವಿಲ್ಲದ ಪದವೊಂದನ್ನು ಬರೆದು ತೋರಿಸಿರಿ. ಇದು ಯಾವ ಪುಸ್ತಕದಲ್ಲಿಯೂ ಇಲ್ಲವಾದುದರಿಂದ ಇದನ್ನು ಓದಿದ ಮಗು ನಿಜವಾಗಿಯೂ ಓದಿತೆಂದೇ ತಿಳಿಯಬೇಕು.

ಇಂಗ್ಲಿಷಿನಲ್ಲಿ ತೊಡಕು ಇನ್ನೊಂದು ಬಗೆಯದು. ಅಲ್ಲಿ ಅಕ್ಷರದ ಹೆಸರೇ ಬೇರೆ, ಧ್ವನಿಯೇ ಬೇರೆ. ‘ಸಿ, ಎ, ಟಿ’ ಎಂಬ ಹೆಸರುಗಳನ್ನು ಎಷ್ಟು ವೇಗವಾಗಿ ಹೇಳಿದರೂ ‘ಕ್ಯಾಟ್’ ಆಗದು. ಆದುದರಿಂದ ಹೆಸರಿಗಿಂತ ಮೊದಲು ಧ್ವನಿಯನ್ನು ಕಲಿಸುವ ಫೋನಿಕ್ಸ್ ಕ್ರಮವು ಬಳಕೆಗೆ ಬಂದಿತು. ಅಲ್ಲಿಯೂ ಎಳೆಯಬಹುದಾದ ಧ್ವನಿಗಳಿಂದ, ಉದಾಹರಣೆಗೆ ‘ಮ್ಯಾನ್’ ಎಂಬ ಪದದಿಂದ, ಆರಂಭಿಸಿದರೆ ಧ್ವನಿಗಳು ಒಂದರೊಳಗೊಂದು ಬೆರೆಯುವುದು ಮಗುವಿಗೆ ಕೇಳಿಸುವುದು.

ಈ ಕೆಲಸಕ್ಕೆ ದುಬಾರಿ ಸಲಕರಣೆಗಳಾಗಲಿ ದೊಡ್ಡ ಪಾಂಡಿತ್ಯವಾಗಲಿ ಬೇಕಿಲ್ಲ. ಒಂದು ಸ್ಲೇಟು, ಒಂದು ಚೂರು ಬಳಪ, ದಿನಕ್ಕೆ ಕಾಲು ಗಂಟೆ ಇದ್ದರೆ ಸಾಕು. ವಾಚಕರಲ್ಲಿ ಅನೇಕರ ಮನೆಯಲ್ಲಿಯೋ ನೆರೆಯಲ್ಲಿಯೋ ಓದು ಕಲಿಯುತ್ತಿರುವ ಮಗುವೊಂದು ಇದ್ದೇ ಇರುವುದು. ಅದು ತಪ್ಪಿದಾಗ ಗದರದೆ, ಯಾವ ಧ್ವನಿಯಲ್ಲಿ ತಪ್ಪಿತೆಂದು ಕಿವಿಗೊಟ್ಟು ಕೇಳುವ ತಾಳ್ಮೆಯೊಂದು ಮಾತ್ರ ಅವಶ್ಯಕ.